ಕೆಂಪು ಗೆರೆಯವರೆಗಿನ ಸೇತುವೆ

ಆಚೆ ದಡದ ಜಿಲ್ಲೆಯ ನದಿ ಸಂರಕ್ಷಣಾಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಹೊರಟೆ, ಕೈ ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಲ್ಲುವುದನ್ನು ನಮಗೆ ಕಲಿಸಿದವರು ನೀವೇ ಆದ್ದರಿಂದ ಮನ್ನಿಸುತ್ತೀರೆಂದು ನಂಬಿದ್ದೇನೆ. ಸಿಮ್‌ಗೋಕ್ ಹೊಳೆಗೆ ನಾವು ಕಟ್ಟಿದ ಸೊಪ್ಪಿನ ಸೇತುವೆಯ ಆಚೆ ಅರ್ಧವನ್ನು ಹೋದ ತಿಂಗಳು ನೀವು ಕೀಳಿಸಿದಿರಿ. ಈಚೆ ಅರ್ಧ ಹೊಳೆಯ ನಡುವೆ ಬಂದು, ಮುಂದೇನೆಂದು ತಿಳಿಯದೆ ನಿಂತಿದೆ. ಯಾವ ದಡಕ್ಕೂ ಮುಟ್ಟಿಸದ ಸೇತುವೆಯನ್ನು ನಾಡಿಗೆ ಕೊಟ್ಟ ಕೀರ್ತಿ ನಿಮಗೆ ಸಲ್ಲಬೇಕು.

ಈ ಕಣಿವೆಗೆ ನೀವು ಬಂದದ್ದು ಒಂದೇ ಸಲ, ಅದೂ ಊಟದ ಹೊತ್ತಿಗೆ ಹೊರಟುಹೋದಿರಿ. ಹಾಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಹೊಳೆ ದೊಡ್ಡದೇನಲ್ಲ. ಬೇಸಿಗೆಯ ಮಳೆಯಲ್ಲಿ ಬಂಡೆ ಉರುಳಿಸುತ್ತದೆ, ಶರತ್ಕಾಲದಲ್ಲಿ ತೊಡೆಮಟ್ಟಕ್ಕೆ ಇಳಿಯುತ್ತದೆ. ಬೆಟ್ಟದ ಬುಡಕ್ಕೆ ಬಡಿದು ತಿರುಗುವಲ್ಲಿ ಎರಡು ಕೇರಿಗಳಿವೆ. ದಕ್ಷಿಣದ ಬೆಟ್ಟದ ಮರೆಯಲ್ಲಿರುವ ನಮ್ಮದು ನೆರಳುಕೇರಿ, ಎದುರಿನದು ಬಿಸಿಲುಕೇರಿ. ಅಲ್ಲಿ ಹಿಮ ಕರಗಿ ಬೆಳ್ಳುಳ್ಳಿ ಚಿಗುರುವಾಗ ಇಲ್ಲಿ ನಾವಿನ್ನೂ ಅಂಗಳದ ಮಂಜುಗಡ್ಡೆಗೆ ಬೂದಿ ಎರಚುತ್ತಿರುತ್ತೇವೆ. ಹೀಗಾಗಿ ನಮ್ಮವರು ಬದುಕುವುದು ಈ ದಡದಲ್ಲಿ, ಸತ್ತ ಮೇಲೆ ಮಲಗುವುದು ಆ ದಡದಲ್ಲಿ. ಸತ್ತ ಮೇಲಾದರೂ ಬೆನ್ನು ಬೆಚ್ಚಗಿರಲಿ ಎಂದು ಹಿರಿಯರು ಗೋರಿಗಳನ್ನೆಲ್ಲ ಬಿಸಿಲಿನ ಇಳಿಜಾರಿನಲ್ಲೇ ಮಾಡಿದರು. ಚಳಿಗಾಲದಲ್ಲಿ ಕಣಿವೆದಾರಿಗೆ ಮಂಜುಗಡ್ಡೆ ಕಟ್ಟಿ ಬಸ್ಸು ನಿಲ್ಲುತ್ತದೆ. ಹೊಳೆಯ ಮೇಲಿನ ಮಂಜುಗಡ್ಡೆ ನಾಯಿಯ ಭಾರವನ್ನೂ ತಾಳದು. ಆದ್ದರಿಂದ ಸುಗ್ಗಿ ಮುಗಿದ ಮೇಲೆ ಎರಡೂ ಕೇರಿಯವರು ತಮ್ಮ ತಮ್ಮ ದಡದಿಂದ ಕವಲುಗಂಬ ನೆಟ್ಟು, ಪೈನ್ ಸೊಪ್ಪು ಹಾಸಿ, ಮಣ್ಣು ಮೆತ್ತಿ, ನಡುವೆ ಸೇರುತ್ತೇವೆ. ಸೇರಿದಲ್ಲಿ ನಿಂತು ಅಕ್ಕಿಯ ಹೆಂಡ ಮಕ್ಕೊಲ್ಲಿ ಕುಡಿಯುತ್ತೇವೆ. ಬೇಸಿಗೆಯ ಪ್ರವಾಹ ಬಂದು ಸೇತುವೆಯನ್ನು ಒಯ್ಯುತ್ತದೆ. ಯಾರೂ ಅಳುವುದಿಲ್ಲ, ಪರಿಹಾರವನ್ನೂ ಕೇಳುವುದಿಲ್ಲ.

ಈ ಸಲ ನೀವು ಬಂದಿರಿ. ನಡುನೀರಿನಲ್ಲಿ ನಿಂತು, ಸೇತುವೆಯ ಅಡ್ಡಕ್ಕೆ ಕೆಂಪು ಬಣ್ಣದ ಗೆರೆ ಎಳೆಸಿದಿರಿ. "ಗೆರೆಯಿಂದಾಚೆ ನಮ್ಮ ಜಿಲ್ಲೆ. ಇದು ನೀರಿನ ಹರಿವಿಗೆ ಅಡ್ಡಿ" ಎಂದಿರಿ.

ಬಿಸಿಲುಕೇರಿಯ ಮುಖಂಡ ನಾಮ್‌ಗುಂಗ್ ಮೆಲ್ಲಗೆ ಕೇಳಿದ: "ಅಲ್ಲಾ ಸ್ವಾಮಿ, ಹಂಗಾದ್ರೆ ನೆರಳುಕೇರಿ ಕಡೆ ಅರ್ಧ ಅಡ್ಡಿ ಆಗಲ್ವಾ?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ."

"ನೀರಿಗೆ ಗೊತ್ತಾ ಇದು?"

ನೀವು ಊಟಕ್ಕೆ ಹೊರಟಿರಿ. ನೀರಿಗೆ ತಿಳಿವಳಿಕೆ ಪತ್ರ ಕಳಿಸಿದ್ದೀರೇನೋ, ನನಗೆ ತಿಳಿಯದು.

ಆಮೇಲೆ ನಿಮ್ಮ ಆದೇಶದ ಜೊತೆಗಿದ್ದ ನಕ್ಷೆ ನೋಡಿದೆ. ಎಂಥ ಚೆಂದದ ನಕ್ಷೆ! ಜಿಲ್ಲೆಗಳ ಗಡಿ ಹೊಳೆಯ ನಡುವೆ ಹಾದಿದೆ, ಸರಿ. ಆದರೆ ಆ ಹೊಳೆ ನಾನು ಶಾಲೆಗೆ ಸೇರುವ ಮೊದಲಿನದು. ಒಂದು ಮಹಾಪ್ರವಾಹದಲ್ಲಿ ಅದು ಪಾತ್ರ ಬದಲಿಸಿ ಬಿಸಿಲುಕೇರಿಯತ್ತ ಸರಿದುಕೊಂಡಿತು. ನಿಮ್ಮ ಕಚೇರಿಗೆ ವಿಳಾಸ ಬದಲಾವಣೆ ತಿಳಿಸಲು ಮರೆಯಿತು. ಹಳೆಯ ಪಾತ್ರದ ಮೇಲೆ ಈಗ ನನ್ನ ಮನೆಯ ಹಿತ್ತಲಿದೆ. ನಿಮ್ಮ ನಕ್ಷೆಯಂತೆ ನನ್ನ ಸೋಯಾ ಹುದುಗಿನ ಜಾಡಿಗಳು ಇಷ್ಟು ವರ್ಷ ನಡುಹೊಳೆಯಲ್ಲಿ ನಿಂತಿವೆ. ಒಂದೂ ತೇಲಿಹೋಗಲಿಲ್ಲ, ಹುದುಗು ಕೆಡಲೂ ಇಲ್ಲ. ಈಗ ಹೇಳಿ, ನಕ್ಷೆ ನಿಜವೇ, ನೀರು ನಿಜವೇ? ನಕ್ಷೆ ನಿಜವಾದರೆ ಸೇತುವೆ ನಿಂತಿರುವುದು ಒಣನೆಲದ ಮೇಲೆ. ಒಣನೆಲದಲ್ಲಿ ಯಾವ ಹರಿವಿಗೆ ಅಡ್ಡಿ? ನೀರು ನಿಜವಾದರೆ ಹೊಳೆ ಸರಿದಿದೆ, ನಿಮ್ಮ ಗಡಿ ಮಾತ್ರ ಹಳೆಯ ಜಾಗದಲ್ಲೇ, ನನ್ನ ಜಾಡಿಗಳ ನಡುವೆ ಉಳಿದಿದೆ, ಕೆಂಪು ಗೆರೆಯನ್ನು ಹಿತ್ತಲಿಗೆ ಬಂದು ಎಳೆಯಿರಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಎರಡರಲ್ಲೂ ಅರ್ಧರ್ಧ ಆರಿಸಿಕೊಳ್ಳುವುದು ಬೇಡ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಅತ್ತಿಗೆ ಹ್ವಾಜಾ ಹಾಸಿಗೆ ಹಿಡಿದಿದ್ದಾಳೆ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಅವಳು. ಅಣ್ಣ ಎದುರಿನ ಇಳಿಜಾರಿನಲ್ಲಿ ಮಲಗಿದ್ದಾನೆ, ಪಕ್ಕದಲ್ಲಿ ಅವಳ ಜಾಗ ಖಾಲಿ ಇದೆ. ಪ್ರತಿ ವರ್ಷ ಅವನ ತಿಥಿಗೆ ನಮ್ಮ ಬೆಟ್ಟದ ಬಕ್‌ವೀಟ್ ಕಾಳಿನ ದೋಸೆ, ಮಕ್ಕೊಲ್ಲಿ ಹಿಡಿದು ಈ ಸೇತುವೆ ದಾಟುತ್ತಿದ್ದಳು. ಈ ವರ್ಷ ನಾನು ಬೆನ್ನ ಮೇಲೆ ಹೊತ್ತು ಗೆರೆಯವರೆಗೆ ಕರೆದೊಯ್ದೆ. ಅಲ್ಲಿಂದಲೇ ಮಕ್ಕೊಲ್ಲಿಯನ್ನು ಬೆಟ್ಟದತ್ತ ಎರಚಿದಳು. ಗಾಳಿ ಅದನ್ನು ನನ್ನ ಮುಖಕ್ಕೇ ತಂದು ಹಾಕಿತು.

"ನೋಡು, ನಿಮ್ಮಣ್ಣಂಗೆ ಸಿಗ್ಲಿಲ್ಲ, ನಿನಗೇ ಸಿಕ್ತು. ಚಿಕ್ಕಂದಿನಿಂದ್ಲೂ ಹಿಂಗೇ ಕಣೋ ನೀನು" ಎಂದು ನಕ್ಕಳು. ಮನೆಗೆ ಬರುವಾಗ ಬೆನ್ನ ಮೇಲಿಂದ ಕೇಳಿದಳು: "ಸಂಗೂ, ನನ್ನ ಚಟ್ಟ ಹೆಂಗೋ ದಾಟಿಸ್ತೀಯ?"

"ಹಿಮ ಕರಗೋವರ್ಗೂ ಇರು ಅತ್ತಿಗೆ. ಅಷ್ಟರೊಳಗೆ ಏನಾದ್ರೂ ಮಾಡ್ತೀನಿ."

"ಸಾಯೋದಕ್ಕೂ ಅನುಮತಿ ಬೇಕೇನೋ ಈಗ? ಆಯ್ತು, ನೋಡ್ತೀನಿ. ಮಾತು ಕೊಡಲ್ಲ ಮತ್ತೆ."

ನನಗೆ ಅಳು ಬಂತು, ಅಧಿಕಾರಿಗಳೇ. ಅವಳಿಗೆ ಕಾಣದಿರಲೆಂದು ತಲೆ ತಗ್ಗಿಸಿ ನಡೆದೆ.

ನನ್ನ ಬೇಡಿಕೆ ಸಣ್ಣದು. ಕಿತ್ತ ಕಂಬಗಳು ನಿಮ್ಮ ಕಚೇರಿಯ ಹಿಂದೆ ಬಿದ್ದಿವೆ, ವಾಪಸು ಕೊಡಿ. ದೊಡ್ಡ ಹಿಮ ಬೀಳುವ ಮೊದಲು ನಾವೇ ನೆಟ್ಟುಕೊಳ್ಳುತ್ತೇವೆ, ನಾಮ್‌ಗುಂಗ್ ಕಂಬದ ಗುಂಡಿ ತೋಡಿಟ್ಟು ಕಾಯುತ್ತಿದ್ದಾನೆ. ಆಗದು ಎನ್ನುವುದಾದರೆ ನಿಮ್ಮ ಆದೇಶವನ್ನು ನಾವು ಅಕ್ಷರಶಃ ಪಾಲಿಸುತ್ತೇವೆ. ಅತ್ತಿಗೆಯ ಚಟ್ಟವನ್ನು ಕೆಂಪು ಗೆರೆಯವರೆಗೆ ನಾವು ಹೊತ್ತು ತಂದು ಅಲ್ಲಿ ಇಳಿಸುತ್ತೇವೆ. ಅದರಾಚೆ ನಿಮ್ಮ ವ್ಯಾಪ್ತಿ. ದಯವಿಟ್ಟು ನೀರಿಗಿಳಿದು ಹೆಗಲು ಕೊಡಲು ಬನ್ನಿ. ಹಿಮ ಕರಗುವ ಹೊತ್ತಿಗೆ ನೀರು ಸೊಂಟದವರೆಗೆ ಇರುತ್ತದೆ, ತುಂಬಾ ತಣ್ಣಗಿರುತ್ತದೆ.

ಇಂತಿ,
ನಕ್ಷೆಯ ಪ್ರಕಾರ ನಡುಹೊಳೆಯಲ್ಲಿ ಮುಳುಗಿರುವ,
ತಾಕ್ ಸಂಗ್‌ಗು
ನೆರಳುಕೇರಿ