ಮೆಟ್ಟಿಲ ಕೆಳಗಿನ ಗೂಡು

ಮಾರ್ಚ್ 2, ಬೆಳಿಗ್ಗೆ 6.30
ಮತ್ತೆ ಅದೇ ಗೋಳು. ಪರದೆಯ ಮೇಲಿನ ಗೊಂಬೆ ಹಜಾರದಿಂದ ಅಡುಗೆಮನೆಗೆ ಹೋಗಬೇಕು. ಹೋಗುತ್ತದೆ, ಹೋಗಿ ಗೋಡೆಯೊಳಗೆ ಹೂತು ನಿಲ್ಲುತ್ತದೆ. ಕಾಲು ಮಾತ್ರ ಆಡಿಸುತ್ತದೆ, ಪಾಪ. ಎಂಟಕ್ಕೆ ಕನ್ನಡಕದ ಅಂಗಡಿ ತೆರೆಯಬೇಕು. ಐವತ್ತರ ಹತ್ತಿರ ಬಂದವಳಿಗೆ ಬೇಕಿತ್ತಾ ಈ ಕಂಪ್ಯೂಟರ್ ಗೇಮ್ ಮಾಡುವ ಹುಚ್ಚು? ಬೇಕಿತ್ತು. ಇದೇ ತಿಂಗಳ ಇಪ್ಪತ್ತಕ್ಕೆ ತಂಗಿಗೆ ನಲವತ್ತು ತುಂಬುತ್ತದೆ. ಅಷ್ಟರೊಳಗೆ ನಮ್ಮ ಹಳೇ ಮನೆಯ ಎಲ್ಲ ಕೋಣೆಗಳಲ್ಲೂ ಅವಳ ಗೊಂಬೆ ಓಡಾಡುವ ಹಾಗಾಗಬೇಕು.

ಮಾರ್ಚ್ 3, ಊಟದ ಹೊತ್ತು
ಗೇಮ್ ಕಲಿಯುವವರ ಗ್ರೂಪಿನಲ್ಲಿ ಕೇಳಿದೆ. ಫೋಟೊದಲ್ಲಿ ಗಡ್ಡ ಬಿಟ್ಟು ಬೇರೇನೂ ಕಾಣದ ಒಬ್ಬರು ಉತ್ತರಿಸಿದರು. ಗಡ್ಡದ ಮೇಷ್ಟ್ರು ಅಂತ ಹೆಸರಿಟ್ಟಿದ್ದೇನೆ. "ಹೊಸ ಕೋಣೇಲಿ ಎಲ್ಲಿ ನಿಲ್ಬೇಕು ಅಂತ ಅಳತೆ ಕೊಡ್ಬೇಕಮ್ಮ. ನೀವು ಹಳೇ ಕೋಣೇದೇ ಕೊಟ್ಟಿದೀರ." ನನ್ನ ಬುದ್ಧಿಗಿಷ್ಟು! ಊರವರ ಕಣ್ಣಿನ ಅಳತೆ ಕೂದಲೆಳೆಯಷ್ಟೂ ತಪ್ಪದೆ ತೆಗೆಯುವವಳು ನಾನು.
ಸರಿಹೋಯಿತು. ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ? ಅಂಗಡಿಯಲ್ಲಿರುವುದು ನಾನು, ಗೋಡೆ ತುಂಬ ಖಾಲಿ ಫ್ರೇಮು.

ಮಾರ್ಚ್ 9
ತಂಗಿ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಅಲ್ಲಿರುವ ಅಕ್ಕನ ಗೊಂಬೆ, ಅಂದರೆ ನಾನು, "ಬಂದ್ಯೇನೇ ಪುಟ್ಟಿ?" ಅನ್ನಬೇಕು. ಆದರೆ ಆ ಮಾತು ಅವಳು ಹೊರಡುವ ಮೊದಲೇ ಹಜಾರದಲ್ಲಿ ಮೂಡುತ್ತದೆ. ಅಲ್ಲಿ ಅಕ್ಕನೇ ಇಲ್ಲ!
ಮೇಷ್ಟ್ರು: "ಕೋಣೆ ಬದಲಿಸು ಅಂತ ಬರೆದ ತಕ್ಷಣ ಬದಲಾಗಲ್ಲಮ್ಮ. ಅದರ ಕೆಳಗಿನ ಸಾಲೆಲ್ಲ ಹಳೇ ಕೋಣೇಲೇ ಮುಗಿಯುತ್ತೆ. ಆ ಮಾತನ್ನ ಹೊಸ ಕೋಣೆಗೆ ಅಂತ ಬರೆಯೋ ಸಾಲುಗಳಿಗೆ, ಅದರ ಸ್ಕ್ರಿಪ್ಟಿಗೆ ಹಾಕಿ. ಎಲ್ರೂ ಮಾಡೋ ತಪ್ಪೇ."
ಹಾಕಿದೆ. ಹತ್ತು ಸಲ ಓಡಿಸಿದೆ. ಹತ್ತು ಸಲವೂ "ಬಂದ್ಯೇನೇ ಪುಟ್ಟಿ?" ಎರಡು ವರ್ಷವಾಯಿತು ಅವಳನ್ನು ಹಾಗೆ ಕರೆದು. ಅಳು ಬಂತು.

ಮಾರ್ಚ್ 10
ಎಲ್ಲರೂ ಮಾಡುವ ತಪ್ಪಲ್ಲ ನನ್ನದು. ಮನೆ ನನ್ನ ಹೆಸರಲ್ಲಿತ್ತು, ಮಾರಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಕೊಂಡವರು ಕೆಡವಿದ ಮೇಲೆ ಅವಳಿಗೆ ಗೊತ್ತಾಯಿತು. "ಕೊನೇ ಸಲ ನೋಡೋಕೂ ಬಿಡ್ಲಿಲ್ವಲ್ಲ ನೀನು" ಅಂದಳು. ಆಮೇಲೆ ಮಾತಿಲ್ಲ.

ಮಾರ್ಚ್ 17
ಕೊನೆಯ ಕೋಣೆ — ಮೆಟ್ಟಿಲ ಕೆಳಗಿನ ಗೂಡು. ಕಣ್ಣಾಮುಚ್ಚಾಲೆಯಲ್ಲಿ ಅವಳು ಅಡಗುತ್ತಿದ್ದುದು ಯಾವಾಗಲೂ ಅಲ್ಲೇ. ಒಳಗಿನಿಂದ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ತೆರೆಯುವವಳು ನಾನು. ಗೊತ್ತಿದ್ದೂ ಮನೆಯೆಲ್ಲ ಹುಡುಕಿದ ನಾಟಕ ಆಡಿ, ಆಮೇಲೆ.

ಮಾರ್ಚ್ 20, ಬೆಳಿಗ್ಗೆ 8
ಕಳಿಸಿದೆ. ಜೊತೆಗೆ ಒಂದೇ ಸಾಲು: "ಹಳೇ ಮನೆ. ನೋಡ್ತೀಯಾ?"
ಸಂಜೆ 6 — ಏನಿಲ್ಲ. ಗಿರಾಕಿಯೊಬ್ಬರಿಗೆ ಎಡಗಣ್ಣಿನ ಗಾಜು ಬಲಕ್ಕೆ ಕೂರಿಸಿಕೊಟ್ಟೆ. ಬೈಸಿಕೊಂಡೆ.

ಮಾರ್ಚ್ 24
ಏನಿಲ್ಲ.

ಮಾರ್ಚ್ 27, ಭಾನುವಾರ, ಮಧ್ಯಾಹ್ನ
ತಂಗಿಯ ಮೆಸೇಜು! "ಅಕ್ಕಾ, ಗೂಡಲ್ಲಿ ಸಿಕ್ಕಾಕ್ಕೊಂಡಿದೀನಿ. ಅರ್ಧ ಗಂಟೆ ಆಯ್ತು. ಎಲ್ಲಿ ಒತ್ತಿದ್ರೂ ಆಚೆ ಬರಕ್ಕಾಗ್ತಿಲ್ಲ."
ಸ್ಕ್ರಿಪ್ಟ್ ತೆರೆದೆ. ಒಳಗೆ ಹೋಗುವ ಸಾಲಿದೆ. ಹೊರಗೆ ಬರುವುದನ್ನು ಬರೆದೇ ಇಲ್ಲ. ಆ ಬಾಗಿಲು ತೆರೆಯುವವಳು ನಾನಲ್ಲವೇ... ಹೊಳೆದೇ ಇಲ್ಲ ನನಗೆ.
"ಐದು ನಿಮಿಷ ಪುಟ್ಟಿ, ಈಗ್ಲೇ ಸರಿ ಮಾಡ್ತೀನಿ."
"ಬೇಗ ಬಾಗಿಲು ತೆಗಿಯೇ. ಇನ್ನೂ ಎಷ್ಟು ಹೊತ್ತು ಹುಡುಕೋ ನಾಟಕ ಆಡ್ತೀಯ?"
ಫೋನ್ ಹೊಡೆದುಕೊಳ್ಳುತ್ತಿದೆ. ಅವಳೇ. ಏನೆಂದು ಶುರು ಮಾಡಲಿ? ಮೊದಲು ಎತ್ತುತ್ತೇನೆ.