ಜುನೋಗೆ ಹಾಸಿದ ಕೋಟು

ಟೌನರ್ ಊರಾಚೆಯ ಮನೆಯಿಂದ,
ಉತ್ತರ ಡಕೋಟಾ
ಜನವರಿ ೨೬, ಭಾನುವಾರ ಮಧ್ಯಾಹ್ನ

ನನ್ನ ತಮ್ಮ ಹಾಲ್ವರ್‌ಗೆ, ಅಕ್ಕನ ನೆನಪುಗಳು.

ಹೇಗಿದ್ದೀಯೋ? ಕೆಳದವಡೆಯ ಹಲ್ಲು ಕಿತ್ತರೋ ಅಥವಾ ಇನ್ನೂ ಮಾತ್ರೆ ನುಂಗಿಕೊಂಡೇ ದಿನ ದೂಡುತ್ತಿದ್ದೀಯೋ? ಎರಡನೇ ಕಂಬಳಿ ಕೇಳು ಅಂದಿದ್ದೆ, ಕೇಳಿದೆಯಾ? ಕೇಳಿರಲಾರೆ. ಬೇಕಾದ್ದನ್ನು ಬಾಯಿಬಿಟ್ಟು ಕೇಳುವ ಅಭ್ಯಾಸ ನಿನಗೆ ಮೊದಲಿನಿಂದಲೂ ಇಲ್ಲ. ನಾನು ಬರೆದ ಕಾಗದಗಳಿಗೆ ಒಂದಕ್ಕೂ ಉತ್ತರವಿಲ್ಲ. ಕ್ರಿಸ್‌ಮಸ್ಸಿಗಾದರೂ ಒಂದು ಸಾಲು ಬರುತ್ತದೆಂದು ದಿನಾ ಅಂಚೆ ಡಬ್ಬಿಯ ತನಕ ಹಿಮದಲ್ಲಿ ನಡೆದು ಹೋಗಿ ಬರಿಗೈಯಲ್ಲಿ ಬಂದೆ. ಬಯ್ಯುತ್ತಿಲ್ಲ. ಸ್ಕೂಲಿನಲ್ಲಿ ಪ್ರಬಂಧ ಬರೆ ಅಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದವನು ನೀನು, ನನಗೆ ಗೊತ್ತಿಲ್ಲವೇ! ಇಲ್ಲಿ ನನ್ನ ಮಂಡಿ ನೋಯುತ್ತಲೇ ಇದೆ, ನಿನ್ನ ಭಾವನಿಗೆ ಕೆಮ್ಮು. ಹಸುಗಳ ನೀರಿನ ತೊಟ್ಟಿಯ ಮಂಜುಗಡ್ಡೆಯನ್ನು ಬೆಳಿಗ್ಗೆ ಕೊಡಲಿಯಲ್ಲಿ ಒಡೆದರೆ ಮಧ್ಯಾಹ್ನಕ್ಕೆ ಮತ್ತೆ ಕಲ್ಲು. ಚರ್ಚಿಗೆ ಹೋಗಿ ಈಗಷ್ಟೇ ಬಂದೆ. ಆಕೆ ಈಗಲೂ ನಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಹಿಂತಿರುಗಿ ನೋಡುವುದಿಲ್ಲ, ಹಾಗಂತ ಜಾಗವನ್ನೂ ಬದಲಾಯಿಸಿಲ್ಲ. ಗಂಡ ಕೂರುತ್ತಿದ್ದ ಕಡೆ ತಮ್ಮ ಕೈಚೀಲ ಇಟ್ಟುಕೊಳ್ಳುತ್ತಾರೆ. ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಯೋಚಿಸಿ, ಬರೆದೆ.

ನಾಯಿಗಳ ಸುದ್ದಿಗಾಗಿ ನೀನು ಕಾಯುತ್ತಿರುತ್ತೀಯೆಂದು ಗೊತ್ತು. ಪಿಪ್ ಮತ್ತು ಡಾಟ್ ನೆಬ್ರಾಸ್ಕಾದಲ್ಲಿ ನಿನ್ನ ಗೆಳೆಯ ವೆಂಡೆಲ್ ಮನೆ ಸೇರಿವೆ, ಚೆನ್ನಾಗಿವೆ. ಜುನೋ ನಮ್ಮಲ್ಲೇ ಇದ್ದಾಳೆ. ಗಾಬರಿಯಾಗಬೇಡ, ಬದುಕಿದ್ದಾಳೆ. ಏನೇನಾಯಿತೆಂದು ಮೊದಲಿನಿಂದ ಹೇಳುತ್ತೇನೆ. ನಡುವೆ ನಿನ್ನ ಭಾವನ ಮೇಲೆ ಸಿಟ್ಟು ಬಂದರೆ ನುಂಗಿಕೋ. ಆ ಮನುಷ್ಯ ಅನುಭವಿಸಿದ್ದಾಗಿದೆ.

ಜೈಲಿಗೆ ನಿನ್ನನ್ನು ನೋಡಲು ಬಂದಾಗ ಗಾಜಿನ ಆಚೆ ಕೂತು ಫೋನು ಕಿವಿಗಿಟ್ಟುಕೊಂಡು ನೀನು ನಿನ್ನ ಬಗ್ಗೆ ಒಂದೇ ಒಂದು ಮಾತು ಆಡಲಿಲ್ಲ. ಕೊಟ್ಟ ಹೊತ್ತೆಲ್ಲಾ ನಾಯಿಗಳಿಗೇ ಹೋಯಿತು. ಹಸುಗಳು ಕರು ಹಾಕುವ ಕಾಲ ಹತ್ತಿರ ಬಂತು, ಆಗ ನಿಮ್ಮ ಕೊಟ್ಟಿಗೆಯ ಸುತ್ತ ಬೇಟೆನಾಯಿಗಳು ಇರಬಾರದು, ನಾನು ಹೊರಗೆ ಬರುವ ತನಕ ಆರು ವರ್ಷ ಅವು ಸರಪಳಿಯಲ್ಲಿ ಕೊಳೆಯುವುದೂ ಬೇಡ, ವೆಂಡೆಲ್‌ಗೆ ತಲುಪಿಸಿಬಿಡಿ ಅಂದೆ. ಟ್ರಕ್ಕಿನ ಹಿಂದೆ ಹೇಗೆ ಕೂಡಿಸಬೇಕೆಂದು ಒಂದೊಂದಾಗಿ ಹೇಳಿದೆ. ಕಂಬಳಿ ಬೇಡ, ಅದು ಒದ್ದೆ ಹಿಡಿಯುತ್ತದೆ. ಮೊಣಕಾಲುದ್ದ ಗೋಧಿ ಹುಲ್ಲು ಹಾಕು. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸು, ಮುದುಕಿ ಜುನೋ ಮಧ್ಯೆ ಇರಲಿ. ಚಳಿಯಲ್ಲಿ ಬರೀ ನೀರು ಕುಡಿಯುವುದಿಲ್ಲ, ಕೋಳಿ ಬೇಯಿಸಿದ ನೀರು ಸ್ವಲ್ಪ ಬೆರೆಸು. ಕೊನೆಗೆ ಬೆರಳು ಗಾಜಿಗೆ ಒತ್ತಿ, "ಅಕ್ಕ, ನಾಯಿಗೆ ಬೇಕಾದ್ದು ಬಿಸಿ ಅಲ್ಲ ಕಣೇ. ಮೈ ಒಣಗಿರ್ಬೇಕು, ಅಷ್ಟೇ. ಮೇಲಿನ ಗಾಳಿಕಿಂಡಿ ಮಾತ್ರ ಮುಚ್ಚಬೇಡಿ," ಅಂದೆ. ಮತ್ತೆ ನಿನ್ನ ಬೇಟೆ ಕೋಟಿನ ವಿಷಯ. ಆ ಸಂಜೆ ಕುಡಿದು ನೀನು ರಸ್ತೆಯಲ್ಲಿ ಚರ್ಚಿನ ಆಕೆಯ ಗಂಡನಿಗೆ ಟ್ರಕ್ಕು ಗುದ್ದಿದಾಗ ಮೂರೂ ಹಿಂದೆ ಇದ್ದವಲ್ಲ, ಅಂದಿನಿಂದ ಜುನೋ ಟ್ರಕ್ಕು ಕಂಡರೆ ನಡುಗುತ್ತಾಳೆ. ಕೋಟು ಹಾಸಿದರೆ ಮಾತ್ರ ಹತ್ತುತ್ತಾಳೆ ಅಂದೆ. ಅದು ನಿಜ. ಹಾಸಿದೆ, ಮೂಸಿದಳು, ಎರಡು ಸುತ್ತು ಸುತ್ತಿದಳು, ಕಾಲರಿನ ಮೇಲೆ ಗದ್ದ ಇಟ್ಟು ಮಲಗಿದಳು.

ಇನ್ನು ನಿನ್ನ ಭಾವ. ಕರುಗಳನ್ನು ಚಳಿಯಿಂದ ಉಳಿಸಿಕೊಂಡು ತಲೆ ನೆರೆಸಿಕೊಂಡವರಿಗೆ ನೀನು ಜೈಲಿನಿಂದ ಬುದ್ಧಿ ಹೇಳಿ ಕಳಿಸಿದರೆ ಕೇಳುತ್ತಾರಾ? ನಾನು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊರಡುವ ಹಿಂದಿನ ದಿನವಿಡೀ ಟ್ರಕ್ಕಿನ ಹಿಂಬದಿಯಲ್ಲಿ ಮಂಡಿಯೂರಿ ಕೂತು, ಅದಕ್ಕೆ ಹೊದಿಸಿದ ತಗಡಿನ ಮುಚ್ಚಳದ ಅಂಚಿಗೆಲ್ಲಾ ಫೋಮು ತುರುಕಿ, ಕಿಟಕಿ ಸಂದಿಗೆ ಬೆಳ್ಳಿ ಬಣ್ಣದ ಟೇಪು ಎಳೆದು, ಗಾಳಿಕಿಂಡಿಯ ಮೇಲೂ ಎರಡು ಪದರ ಅಂಟಿಸಿದರು. ಕೇಳಿದರೆ, "ಇದ್ರೊಳಗೆ ನಾನೇ ಮಲಗಿದ್ರೂ ಬೆವರ್ತೀನಿ ನೋಡು," ಅಂತ ಜಂಬ. ಅವರಿಗೂ ನಿನ್ನ ನಾಯಿಗಳ ಮೇಲೆ ಪ್ರೀತಿ ಇದೆ ಕಣೋ, ಆದರೆ ತೋರಿಸಲು ಬರುವುದು ಸುತ್ತಿಗೆ, ಟೇಪುಗಳಲ್ಲಿ ಮಾತ್ರ. ನಾನು ಜಗಳ ಆಡಬಹುದಿತ್ತು. ಬೆರಳು ಮರಗಟ್ಟಿಸಿಕೊಂಡು ಮಾಡುತ್ತಿದ್ದಾರಲ್ಲ ಎಂದು ಸುಮ್ಮನಾದೆ.

ಬೆಳಿಗ್ಗೆ ಹೊರಟಾಗ ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ. ಬಿಸ್ಮಾರ್ಕ್ ದಾಟಿ ನಾಯಿಗಳನ್ನು ಇಳಿಸಲು ನಿಲ್ಲಿಸಿ ಹಿಂಬಾಗಿಲು ತೆಗೆದರೆ ಒಳಗೆ ಬೆಚ್ಚಗೇನೋ ಇತ್ತು. ನಿನ್ನ ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆದರೆ ಮೇಲೆ ನೋಡಿದರೆ ಮುಚ್ಚಳದ ಒಳಮೈಯೆಲ್ಲಾ ಬೆಳ್ಳಗೆ. ಮೂರು ನಾಯಿಗಳು ಬಿಟ್ಟ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ಹಿಮವಾಗಿ ಅಂಟಿಕೊಂಡು ಕೂತಿತ್ತು. ಕೆರೆದು ತೆಗೆಯೋಣ ಅಂದೆ, ಹೊತ್ತಾಗುತ್ತದೆ ಅಂದರು. ದಕ್ಷಿಣಕ್ಕೆ ಹೋದಂತೆ ಮೋಡ ಸರಿದು ಒಳ್ಳೆ ಬಿಸಿಲು ಬಿತ್ತು. ನಾವು ಮುಂದೆ ಕೂತು ಬಿಸಿಲು ಬಂತೆಂದು ಖುಷಿಪಡುತ್ತಾ ಥರ್ಮಾಸಿನ ಕಾಫಿ ಕುಡಿಯುತ್ತಿದ್ದೇವೆ, ಹಿಂದೆ ಅಷ್ಟೂ ಹಿಮ ಕರಗಿ ನಾಯಿಗಳ ಮೇಲೆ ಸುರಿಯುತ್ತಿದೆ. ಡಾಟ್ ಊಳಿಟ್ಟ ಮೇಲೆಯೇ ನಮಗೆ ಗೊತ್ತಾಗಿದ್ದು. ಹುಲ್ಲು ಒದ್ದೆ, ಕೋಟು ಒದ್ದೆ, ಪಿಪ್‌ನ ಗಿಡ್ಡ ಕೂದಲು ಮೈಗೆ ಮೆತ್ತಿಕೊಂಡು ಹಲ್ಲು ಕಟಕಟ ಅನ್ನುತ್ತಿತ್ತು. ಜುನೋ ಮಧ್ಯದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಕರೆದರೂ ಕಣ್ಣು ತೆರೆಯಲಿಲ್ಲ. ಅವಳನ್ನೂ ಕಳೆದುಕೊಂಡು ನಿನಗೆ ಏನೆಂದು ಬರೆಯಲಿ ಎಂಬ ಒಂದೇ ಯೋಚನೆ.

ದೇವರು ದೊಡ್ಡವನು, ಹತ್ತಿರದಲ್ಲೇ ಒಂದು ಟೈರ್ ಅಂಗಡಿ ಸಿಕ್ಕಿತು. ಅಂಗಡಿಯವನು ಒಂದು ಮಾತೂ ಕೇಳದೆ ಶೆಡ್ಡಿನ ಬಾಗಿಲು ಎತ್ತಿ ಟ್ರಕ್ಕನ್ನೇ ಒಳಗೆ ಬಿಟ್ಟುಕೊಂಡ. ಎಣ್ಣೆ ಹೀಟರಿನ ಮುಂದೆ ಗೋಣಿಚೀಲ ಹಾಕಿ ಮೂರನ್ನೂ ಉಜ್ಜಿದೆವು. ನಾನು ಜುನೋಳನ್ನು ಮಡಿಲಲ್ಲಿ ಹಾಕಿಕೊಂಡು ಉಜ್ಜಿದೆ, ನಿನಗೆ ನ್ಯುಮೋನಿಯಾ ಬಂದಾಗ ಉಜ್ಜಿದ ಹಾಗೆ. ಎಷ್ಟೋ ಹೊತ್ತಿನ ಮೇಲೆ ಅವಳ ಬಾಲ ಒಂದು ಸಲ ನೆಲಕ್ಕೆ ಬಡಿಯಿತು. ಅಂಗಡಿಯವನು ಟ್ರಕ್ಕಿನೊಳಗೆ ಬಗ್ಗಿ ನೋಡಿ, "ನಾಯಿಗಳು ಉಸಿರಾಡ್ತಾವೆ ಅನ್ನೋದನ್ನೇ ಮರೆತ್ರಾ ಯಜಮಾನ್ರೇ?" ಅಂದ. ಬೇರೆ ದಿನವಾಗಿದ್ದರೆ ನಿನ್ನ ಭಾವ ಅವನಿಗೆ ನಾಲ್ಕು ಮಾತು ಹೇಳಿಯೇ ಬರುತ್ತಿದ್ದರು. ಅವತ್ತು ಜೇಬಿನ ಚಾಕು ತೆಗೆದು, ಅಂಟಿಸಿದ ಟೇಪನ್ನೆಲ್ಲಾ ಒಂದೊಂದಾಗಿ ಕಿತ್ತು ಹಾಕಿದರು. ಒಣ ಹುಲ್ಲನ್ನೂ ಅವನೇ ಎಲ್ಲಿಂದಲೋ ತಂದುಕೊಟ್ಟ. ಅಲ್ಲಿಂದ ಮುಂದೆ ಗಾಳಿಕಿಂಡಿ ತೆರೆದೇ ಹೋದೆವು. ಒಳಗೆ ಚಳಿ ಇತ್ತು, ಆದರೆ ನಾಯಿಗಳು ಮುದುರಿಕೊಂಡು ಒಣಗಿದ ಮೈಯಲ್ಲಿ ನಿದ್ದೆ ಮಾಡಿದವು. ನೀನು ಹೇಳಿದ್ದೇ ಸರಿ.

ವೆಂಡೆಲ್ ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಒಳ್ಳೆಯವನು, ನಿನ್ನ ಬಗ್ಗೆ ಒಂದೇ ಒಂದು ಅಡ್ಡ ಪ್ರಶ್ನೆ ಕೇಳಲಿಲ್ಲ. ಪಿಪ್ ಮತ್ತು ಡಾಟ್ ಅವನ ಮರಳುಗುಡ್ಡ ಕಂಡದ್ದೇ ತಡ, ನಮ್ಮ ಕಡೆ ತಿರುಗಿಯೂ ನೋಡದೆ ಓಡಿದವು. ನನಗೆ ಸ್ವಲ್ಪ ಬೇಜಾರೇ ಆಯಿತು, ನಿನಗೂ ಆಗುತ್ತದೆ. ಅವನ ಹೆಂಡತಿ ಆರ್ಲಾ ಬಿಸಿಬಿಸಿ ಮಾಂಸ, ಆಲೂಗಡ್ಡೆ ಬಡಿಸಿ, ಬೇಡವೆಂದರೂ ಬಿಡದೆ ಇನ್ನೊಂದು ಸೌಟು ಹಾಕಿದಳು. ಬಂದವರಿಗೆ ಉಪಚಾರ ಮಾಡುವುದರಲ್ಲಿ ಆಕೆಯದು ಎತ್ತಿದ ಕೈ. ನಾನು ಊಟ ಮುಗಿಸಿ ಕಾಫಿ ಕುಡಿಯುವಷ್ಟರಲ್ಲಿ ಒದ್ದೆಯಾಗಿ ನಾರುತ್ತಿದ್ದ ನಿನ್ನ ಕೋಟನ್ನು ಟ್ರಕ್ಕಿನಿಂದ ತಂದು, ಘಮಘಮ ಸೋಪು ಹಾಕಿ ಮೆಷಿನ್ನಿನಲ್ಲಿ ಒಗೆದು, ಡ್ರೈಯರಿನಲ್ಲಿ ಒಣಗಿಸಿ, ಮಡಿಸಿ ನನ್ನ ಮಡಿಲಲ್ಲಿ ಇಟ್ಟಳು. "ಎಷ್ಟು ಕೊಳೆ ಇತ್ರೀ, ಎರಡು ಸಲ ಹಾಕ್ಬೇಕಾಯ್ತು," ಅಂತ ನಗುನಗುತ್ತಾ ಹೇಳಿದಳು. ಏನನ್ನಲಿ? ತುಂಬಾ ಉಪಕಾರವಾಯಿತು ಅಂದೆ. ಕೋಟಿಗೆ ಲ್ಯಾವೆಂಡರ್ ಹೂವಿನ ವಾಸನೆ. ನಾನೂ ಮೂಸಿ ನೋಡಿದೆ, ನೀನು ಎಲ್ಲೂ ಇರಲಿಲ್ಲ.

ಬೆಳಿಗ್ಗೆ ವೆಂಡೆಲ್ ನನ್ನನ್ನು ಹೊರಗೆ ಕರೆದ. ಮೂರನ್ನೂ ಇಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದವನು, ಈಗ ತಪ್ಪಬೇಕಾಯಿತೆಂದು ಸಂಕಟಪಟ್ಟ. ಜುನೋ ರಾತ್ರಿಯೆಲ್ಲಾ ಗೇಟಿನ ಹತ್ತಿರ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಗೂಡಿಗೆ ಎತ್ತಿಕೊಂಡು ಹೋಗಿ ಬಿಟ್ಟರೆ ಮತ್ತೆ ಅಲ್ಲಿಗೇ ಬಂದಳಂತೆ. "ಇವಳು ಇಲ್ಲಿ ಉಳಿಯಲ್ಲ ಸೋಲ್ವೆಗ್. ಕರ್ಕೊಂಡ್ ಹೋಗಿ," ಅಂದ. ಸರಿ, ಹೊಸ ಹುಲ್ಲಿನ ಮೇಲೆ ಕೋಟು ಹಾಸಿ ಕರೆದೆ. ಮೂಸಿದಳು. ಇನ್ನೊಂದು ಸಲ ಮೂಸಿದಳು. ಆಮೇಲೆ ನನ್ನ ಮುಖ ನೋಡಿ, ಹಿಂದೆ ಸರಿದು ಹಿಮದ ಮೇಲೆ ಕೂತುಬಿಟ್ಟಳು. ಎತ್ತಿ ಒಳಗೆ ಇಟ್ಟೆವು. ಹುಲ್ಲು ಒಣಗಿತ್ತು, ಗಾಳಿಕಿಂಡಿ ತೆರೆದಿತ್ತು, ನೀನು ಹೇಳಿದ್ದರಲ್ಲಿ ಒಂದೂ ಬಿಟ್ಟಿರಲಿಲ್ಲ. ಆದರೂ ಮೊದಲ ಸಲ ನಿಲ್ಲಿಸಿ ನೋಡಿದಾಗ ಕೋಟಿನಿಂದ ದೂರ, ತಗಡಿಗೆ ಬೆನ್ನು ಹಚ್ಚಿಕೊಂಡು ನಡುಗುತ್ತಿದ್ದಳು. ನಿನ್ನ ಭಾವ ತಮ್ಮ ಟ್ರಕ್ಕಿನ ಮುಂದಿನ ಸೀಟಿಗೆ ಇವತ್ತಿನ ತನಕ ಒಂದು ನಾಯಿಯನ್ನೂ ಹತ್ತಿಸಿದವರಲ್ಲ. ಅವರೇ ಹೋಗಿ ಬಾಗಿಲು ತೆಗೆದು, "ಅವಳನ್ನ ಮುಂದೆ ಕೂರಿಸ್ಕೊಳ್ಳೇ," ಅಂದರು. ಮನೆ ಮುಟ್ಟುವ ತನಕ ನನ್ನ ಕಾಲ ಮೇಲೆ ಮಲಗಿ ಬಂದಳು.

ಈಗ ಅಡುಗೆಮನೆಯಲ್ಲಿ ಒಲೆಯ ಪಕ್ಕ ಇದ್ದಾಳೆ. ಕರುಗಳ ಡಾಕ್ಟರು ಬಂದವರು ನೋಡಿ, ಎದೆ ಸರಿಯಾಗಿದೆ, ಜ್ವರ ಇಲ್ಲ, ವಯಸ್ಸಾಯಿತು ಅಂದರು. ಊಟ ಅಷ್ಟಕ್ಕಷ್ಟೇ. ನಿನ್ನ ಭಾವ ದಿನಾ ಕೊಟ್ಟಿಗೆಯಿಂದ ಬಂದವರೇ, ಕೈ ತೊಳೆಯುವ ಮೊದಲು ಅವಳ ಹತ್ತಿರ ಕುಕ್ಕರಗಾಲಲ್ಲಿ ಕೂರುತ್ತಾರೆ. ಹಸುವಿನ ವಾಸನೆಯಾದರೂ ಒಗ್ಗೀತೇನೋ ಎಂಬ ಆಸೆ ಪಾಪ. ನಿನ್ನ ವಾಸನೆ ಉಳಿದ ಬಟ್ಟೆಗಾಗಿ ನಿನ್ನ ಹಳೆಯ ಮನೆಯಲ್ಲೂ ಹುಡುಕಿ ಬಂದೆ. ಕೇಸಿನ ದಿನಗಳಲ್ಲಿ ನಾನೇ ಹೋಗಿ ಬಟ್ಟೆ, ಹಾಸಿಗೆ ಎಲ್ಲಾ ಒಗೆದು ಮಡಿಸಿಟ್ಟು ಬಂದಿದ್ದೆನಲ್ಲ, ಅಲ್ಲಿ ಏನೂ ಉಳಿದಿಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಕಂಬಳಿ ಕೇಳು, ನಾಚಿಕೆ ಪಡಬೇಡ. ಮಾಡಿದ ತಪ್ಪಿಗೆ ಶಿಕ್ಷೆ ಇದೆ, ಅದನ್ನು ಅನುಭವಿಸು; ಅದರ ಮೇಲೆ ಇನ್ನೊಂದು ಶಿಕ್ಷೆಯನ್ನು ನೀನೇ ಹಾಕಿಕೊಂಡು ಬಾಯಿ ಹೊಲಿದುಕೊಂಡು ಕೂರಬೇಡ. ನಿನ್ನ ಭಾವ ನೆನಪು ಹೇಳಿದ್ದಾರೆ, ಟೇಪಿನ ವಿಷಯ ಬರೆಯಬೇಡ ಅಂದಿದ್ದಾರೆ. ದೇವರು ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ಸೋಲ್ವೆಗ್

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಊಟ ಅಷ್ಟಕ್ಕಷ್ಟೇ ಅಂದೆನಲ್ಲ, ಅದು ಸುಳ್ಳು. ಬಂದಾಗಿನಿಂದ ಅವಳು ಏನೂ ತಿಂದಿಲ್ಲ. ಮೊನ್ನೆ ಅಲ್ಲಿಯ ಜೈಲಿನ ಆಫೀಸಿಗೆ ಫೋನ್ ಮಾಡಿ, ನನ್ನ ತಮ್ಮ ತೊಟ್ಟ ಅಂಗಿಯೊಂದನ್ನು ಒಗೆಯದೆ ಕಳಿಸಿಕೊಡುತ್ತೀರಾ ಎಂದು ಕೇಳಿದೆ. ಬಟ್ಟೆ ಹೊರಗೆ ಬಿಡುವುದಿಲ್ಲವಂತೆ, ಕಾಗದ ಬಿಡುತ್ತಾರಂತೆ. ಹಾಗಾದರೆ ಕಾಗದವೇ ಕಳಿಸು. ಬರೆಯುವುದಕ್ಕೆ ಆಗದಿದ್ದರೆ ಖಾಲಿ ಹಾಳೆಯಾದರೂ ಸರಿ. ಅದನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಂಡು ಒಂದು ರಾತ್ರಿ ಮಲಗಿ ಎದ್ದು, ಆಮೇಲೆ ಅಂಚೆಗೆ ಹಾಕು. ಸೋಪಿನ ಕೈಯಲ್ಲಿ ಮುಟ್ಟಬೇಡ. ನಾನು ಒಡೆದು ಓದುವುದಿಲ್ಲ, ಅವಳ ಮೂಗಿನ ಮುಂದೆಯೇ ಒಡೆಯುತ್ತೇನೆ. ಬೇಗ ಕಳಿಸೋ ತಮ್ಮ. ಇವತ್ತು ನೀರನ್ನೂ ಮುಟ್ಟಿಲ್ಲ.