ನೀರಿನ ತಂಬಿಗೆ ಹಿಡಿದವಳು

ಎಳ್ಳಮಾವಾಸ್ಯೆಯ ಮರುದಿನ, ೨೦೯೮

ಮುತ್ಯಾ ಗುರುಪಾದಪ್ಪನವರಿಗೆ ನಿಮ್ಮ ಮರಿಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು.

ನೀವು ಇದನ್ನು ಓದುವಾಗ ನಾನಿನ್ನೂ ಹುಟ್ಟಿರುವುದಿಲ್ಲ. ಗುರುತಿಲ್ಲದ ಶಬ್ದ ಬಂದರೆ ಸಿಟ್ಟಾಗಬೇಡಿ. ನಿಮ್ಮ ಸಿಟ್ಟು ನನಗಿನ್ನೂ ನೆನಪಿದೆ. ಊರಲ್ಲಿ ಈಗ ಒಂಬತ್ತು ಜನರಿದ್ದೇವೆ. ಎಪ್ಪತ್ತೊಂದು ವರ್ಷದ ನಾನೇ ಎಲ್ಲರಿಗಿಂತ ಚಿಕ್ಕವಳು, ಹಾಗಾಗಿ ನನ್ನನ್ನು ಹುಡುಗಿ ಎಂದೇ ಕರೆಯುತ್ತಾರೆ. ಹೊಲ ಮಾತ್ರ ಒಂದೂ ಬೀಳು ಬಿದ್ದಿಲ್ಲ. ದನಿಗೂರಿಗೆಗಳು ಬಿತ್ತುತ್ತವೆ, ಕಳೆ ತೆಗೆಯುತ್ತವೆ, ರಾಶಿ ಮಾಡುತ್ತವೆ. ದನಿಗೂರಿಗೆ ಎಂದರೆ ಎತ್ತಿಲ್ಲದೆ, ಕಲಿಸಿದವರ ದನಿಯಲ್ಲೇ ಮಾತಾಡಿಕೊಳ್ಳುತ್ತ ನಡೆಯುವ ಯಂತ್ರ.

ನಮ್ಮದಕ್ಕೆ ಕಲಿಸಿದವರು ನೀವು. ನಿಮಗಾಗ ಎಂಬತ್ತು, ನನಗೆ ಎಂಟು. ಮಣ್ಣು ಹಿಸುಕಿ ಹದ ನೋಡುವುದನ್ನು ನನಗೂ ಕಲಿಸಿ ಎಂದು ಬೆನ್ನು ಬಿದ್ದಿದ್ದೆ. "ಬಿಸಲಾಗ ನಿನಗ್ಯಾಕವ್ವ ಈ ತ್ರಾಸ? ಹೋಗು, ನೆರಳಾಗ ಕುಂದ್ರು," ಎಂದು ನನ್ನನ್ನು ಬನ್ನಿ ಮರದ ಕೆಳಗೆ ಕಳಿಸಿ, ಇಡೀ ಹಂಗಾಮು ನೀವು ಅದರ ಜೊತೆ ನಡೆದಿರಿ. ಅದು ಪ್ರೀತಿಯೇ, ಗೊತ್ತು. ಆದರೂ ಹೊಟ್ಟೆಕಿಚ್ಚಾಗಿತ್ತು, ಇವತ್ತಿಗೂ ಇದೆ.

ನನಗೆ ಉಳಿದದ್ದು ಒಂದೇ ಕೆಲಸ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಮುಂದೆ ನಡೆಯುವವರು ಕಡುಬು, ರೊಟ್ಟಿ, ಪಲ್ಯ ಚೆಲ್ಲುತ್ತ ಭೂಮಿತಾಯಿಯನ್ನು ಊಟಕ್ಕೆ ಕರೆಯಬೇಕು; ಹಿಂದೆ ಬರುವವರು ನೀರು ಚಿಮುಕಿಸುತ್ತ ಅವಳ ಪರವಾಗಿ ಓಗೊಡಬೇಕು. ಇದು ನಮ್ಮ ಮನೆಯ ಪದ್ಧತಿ. ಚಿಕ್ಕಂದಿನಲ್ಲಿ ಭೂಮಿತಾಯಿಯಾಗಿ ನಿಮ್ಮನ್ನು ಮಗನೇ ಎನ್ನುವಾಗ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನೀವು ತೀರಿಕೊಂಡ ಮೇಲೆ ಯಂತ್ರವೇ ಚೆಲ್ಲುತ್ತದೆ. ಮಟಮಟ ಮಧ್ಯಾಹ್ನ ಸುತ್ತಲಿನ ಹೊಲಗಳಿಂದೆಲ್ಲ ಸತ್ತ ಹಿರಿಯರ ದನಿಗಳು ಏಳುತ್ತವೆ. "ಉಣ್ಣಾಕ ಬಾರವ್ವಾ" ಎಂದು ನೀವು ಕರೆಯುತ್ತೀರಿ, ಒಮ್ಮೆ ಕೆಮ್ಮುತ್ತೀರಿ, ಕಾಯುತ್ತೀರಿ. ನಾನು "ಬಂದ್ನೋ ಮಗನ" ಅಂದ ಮೇಲೆಯೇ ಮುಂದಿನ ಹೆಜ್ಜೆ. ಈ ಹೊಲಕ್ಕೆ ನಾನು ಬೇಕು ಅನ್ನಿಸುತ್ತಿದ್ದದ್ದು ವರ್ಷದಲ್ಲಿ ಆ ಒಂದು ದಿನ.

ನಿನ್ನೆ ನನ್ನ ಗಂಟಲು ಕಟ್ಟಿತ್ತು. ನೀವು ಕರೆದಿರಿ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಯಂತ್ರ ಎಂದಿನಷ್ಟೇ ಹೊತ್ತು ಕಾಯಿತು. ಆಮೇಲೆ ಅದರೊಳಗಿಂದ "ಬಂದ್ನೋ ಮಗನ" ಎಂದು ನನ್ನದೇ ದನಿ ಬಂತು. ಮೂವತ್ತು ವರ್ಷದ ಹಿಂದಿನ ಗಟ್ಟಿ ದನಿ. ನೀವಿಬ್ಬರೂ ಕರೆಯುತ್ತ, ಓಗೊಡುತ್ತ ಜೋಳದ ಸಾಲಿನೊಳಗೆ ಹೋದಿರಿ. ನಾನು ತುಂಬಿದ ತಂಬಿಗೆ ಹಿಡಿದು ಬದುವಿನ ಮೇಲೆ ನಿಂತಿದ್ದೆ.

ಹೆದರಿಕೆಯಾಗಿದೆ ಮುತ್ಯಾ. ನಾನು ಸತ್ತ ಮೇಲೂ ಇದು ಹೀಗೇ ನಡೆಯುತ್ತದೆ, ಜೋಳವೂ ಬೆಳೆಯುತ್ತದೆ. ಮನೆಯಲ್ಲಿ ಉಣ್ಣುವವರು ಯಾರೂ ಉಳಿದಿಲ್ಲ ಎಂಬುದು ಹೊಲಕ್ಕೆ ತಿಳಿಯುವುದೇ ಇಲ್ಲ.

ನಿಮಗಿನ್ನೂ ಸಮಯವಿದೆ. ನಾನು ಹುಟ್ಟುತ್ತೇನೆ, ಎಂಟು ವರ್ಷದವಳಾಗಿ ನಿಮ್ಮ ಬೆನ್ನು ಬೀಳುತ್ತೇನೆ. ಬಿಸಿಲಿಗೆ ಕಪ್ಪಾದರೆ ಆಗಲಿ, ನನ್ನನ್ನು ನೆರಳಿಗೆ ಕಳಿಸಬೇಡಿ.